ಹೆಪ್ಪುಗಟ್ಟುವ ನೆತ್ತರು, ಹರಡುವ ಅರ್ಬುದ

ಪ್ಯಾರಿಸಿನ ವೈದ್ಯ ಆರ್ಮಾಂ ಟ್ರೂಸೋ ಅವರು 1865ರಲ್ಲಿ ತಮ್ಮ ಉಪನ್ಯಾಸವೊಂದರಲ್ಲಿ ವಿಲಕ್ಷಣವಾದ ಸಂಬಂಧವೊಂದನ್ನು ವಿವರಿಸಿದರು. ಬೇರೆ ಕಾರಣವಿಲ್ಲದೆ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿ ಬಾವು ಬಂದಿದ್ದರೆ, ಆ ರೋಗಿಯ ಒಡಲಲ್ಲಿ ಕ್ಯಾನ್ಸರ್ ಅಡಗಿರಬಹುದು ಎಂಬುದೇ ಅದು. ಎರಡು ವರ್ಷಗಳೊಳಗೆ ಅವರ ಸ್ವಂತ ರಕ್ತನಾಳದಲ್ಲಿಯೇ ಹೆಪ್ಪು ಕಾಣಿಸಿಕೊಂಡಿತು. ತಾವು ಉಳಿಯುವುದಿಲ್ಲವೆಂದು ಅವರು ಶಿಷ್ಯರಿಗೆ ತಿಳಿಸಿದರು. 1867ರ ಜೂನ್ ತಿಂಗಳಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಈ ಲಕ್ಷಣಕ್ಕೆ ವೈದ್ಯಶಾಸ್ತ್ರದಲ್ಲಿ ಇಂದಿಗೂ ಅವರದೇ ಹೆಸರು.

ಹೆಪ್ಪುಗಟ್ಟುವಿಕೆ ಸ್ವಭಾವತಃ ಶತ್ರುವಲ್ಲ. ಆಟದ ಬಯಲಿನಲ್ಲಿ ಬಿದ್ದ ಮಗುವಿನ ಮೊಣಕಾಲಿನ ರಕ್ತ ನಿಲ್ಲುವುದು ಅದರಿಂದಲೇ. ಇದಕ್ಕೆ ಬೇಕಾದ ಅಂಶಗಳನ್ನು ವಿಜ್ಞಾನಿಗಳು ಒಂದರಿಂದ ಹದಿಮೂರರವರೆಗೆ ರೋಮನ್ ಅಂಕೆಗಳಿಂದ ಗುರುತಿಸಿದ್ದಾರೆ. (ಆರನೆಯದು ಪಟ್ಟಿಯಲ್ಲಿಲ್ಲ, ಅದು ಐದನೆಯದರದೇ ಇನ್ನೊಂದು ರೂಪವೆಂದು ಆಮೇಲೆ ತಿಳಿಯಿತು. ಶಾಲೆಯ ರಸಪ್ರಶ್ನೆಗೆ ಒದಗೀತು.) ಮೂರನೆಯ ಅಂಶವು ಸಾಮಾನ್ಯವಾಗಿ ರಕ್ತನಾಳದ ಹೊರಗಿನ ಜೀವಕೋಶಗಳಲ್ಲಿರುತ್ತದೆ. ನಾಳ ಒಡೆದು ನೆತ್ತರು ಅದನ್ನು ಮುಟ್ಟಿದೊಡನೆ ಕ್ರಿಯೆಗಳ ಸರಣಿ ಮೊದಲಾಗಿ ಥ್ರಾಂಬಿನ್ ಹುಟ್ಟುತ್ತದೆ. ಅದು ಫೈಬ್ರಿನ್ ಎಂಬ ನೂಲಿನ ಬಲೆಯನ್ನು ಹೆಣೆಯಿಸುತ್ತದೆ.

ಅನೇಕ ಕ್ಯಾನ್ಸರ್ ಕೋಶಗಳು ಈ ಮೂರನೆಯ ಅಂಶವನ್ನು ತಮ್ಮ ಮೈಮೇಲೆಯೇ ಹೊತ್ತಿರುತ್ತವೆ. ಗೆಡ್ಡೆಯಿಂದ ಕಳಚಿ ರಕ್ತಕ್ಕಿಳಿದ ಕೋಶಗಳಲ್ಲಿ ಹೆಚ್ಚಿನವು ಪ್ರವಾಹದ ರಭಸಕ್ಕೋ ದೇಹದ ಕಾವಲು ಕೋಶಗಳಿಗೋ ಬಲಿಯಾಗುತ್ತವೆ. ಆದರೆ ಹೆಪ್ಪುಗಟ್ಟಿಸಬಲ್ಲ ಕೋಶದ ಸುತ್ತ ಫೈಬ್ರಿನ್ ಹಾಗೂ ಕಿರುತಟ್ಟೆಗಳು ಕವಿದುಕೊಳ್ಳುತ್ತವೆ. (ಆಸ್ಪತ್ರೆಯ ವರದಿಯಲ್ಲಿ ಪ್ಲೇಟ್‌ಲೆಟ್ ಎಂದಿರುವುದು ನಮ್ಮ ಮಕ್ಕಳು ಪಾಠದಲ್ಲಿ ಓದುವ ಈ ಕಿರುತಟ್ಟೆಯೇ.) ಕಂಬಳಿ ಹೊದ್ದ ಕಳ್ಳನನ್ನು ಕಾವಲುಗಾರನು ಗುರುತಿಸನು. ಅಷ್ಟೇ ಅಲ್ಲ, ಕಿರುತಟ್ಟೆಗಳು ಆ ಕೋಶವು ದೂರದ ನಾಳದ ಗೋಡೆಗೆ ಅಂಟಿಕೊಳ್ಳಲು ನೆರವಾಗುತ್ತವೆ, ಬೆಳೆಯಲು ಪ್ರಚೋದಕಗಳನ್ನೂ ಸ್ರವಿಸುತ್ತವೆ. ಇಲಿಗಳಲ್ಲಿ ಕಿರುತಟ್ಟೆಗಳನ್ನು ಕಡಿಮೆ ಮಾಡಿದಾಗ ಕ್ಯಾನ್ಸರ್ ಹರಡುವುದೂ ಕಡಿಮೆಯಾದುದು 1968ರಷ್ಟು ಹಿಂದೆಯೇ ಕಂಡುಬಂದಿತ್ತು.

ಹಾಗಾದರೆ ರಕ್ತ ತೆಳುವಾಗಿಸುವ ಮದ್ದಿನಿಂದ ಕ್ಯಾನ್ಸರನ್ನು ತಡೆಯಬಹುದಲ್ಲವೆ? ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಅಷ್ಟು ಸುಲಭವಾಗಿ ಕೈಗೂಡಲಿಲ್ಲ. ಹೆಪಾರಿನ್ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಹೆಪ್ಪು ತಗ್ಗಿತಾದರೂ ರೋಗಿಗಳ ಆಯುಷ್ಯ ಹೆಚ್ಚಿತೆಂದು ಖಚಿತವಾಗಿ ಹೇಳುವಂತಾಗಲಿಲ್ಲ. ರಕ್ತಸ್ರಾವದ ಅಪಾಯವಂತೂ ಇದ್ದೇ ಇದೆ. ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗತೊಡಗುವುದು ಸಲ್ಲದು.

ಕಾಲು ಊದಿದವರಿಗೆಲ್ಲ ಕ್ಯಾನ್ಸರ್ ಎಂದು ಯಾರೂ ಭಾವಿಸಬೇಕಿಲ್ಲ. ಹೆಪ್ಪಿಗೆ ಬೇರೆ ಕಾರಣಗಳೇ ಹೆಚ್ಚು. ಆದರೆ ಮನೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಅಜ್ಜಿಯೋ ಚಿಕ್ಕಪ್ಪನೋ ಇದ್ದು, ಅವರ ಒಂದೇ ಕಾಲು ಊದಿ ನೋಯುತ್ತಿದ್ದರೆ ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ಪ್ರೀತಿಯ ಉಪಚಾರ. ಇಲ್ಲಿ ಮಾತ್ರ ಅದು ಕೂಡದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸೇರಬಹುದು. ಒಮ್ಮೆಲೇ ಉಸಿರು ಕಟ್ಟಿದರೆ, ಎದೆನೋವು ಎದ್ದರೆ ಬೆಳಗಾಗುವವರೆಗೆ ಕಾಯಲಾಗದು.