ಹೆಸರಿಲ್ಲದ ಹಳ್ಳದ ಪಾಠ

ಆಷಾಢದ ಒಂದು ಬೆಳಿಗ್ಗೆ ಮಲೆನಾಡಿನ ಯಾವುದಾದರೊಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಯ ಬಾಗಿಲಲ್ಲಿ ನಿಂತು ನೋಡಬೇಕು. ಮೊದಲ ಅವಧಿ ವಿಜ್ಞಾನದ್ದು. ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನಡೆದಿದೆ. ಎರಡನೆಯದು ಗಣಿತ, ಕಪ್ಪುಹಲಗೆಯ ಮೇಲೆ ಅನುಪಾತದ ಲೆಕ್ಕ. ಮೂರನೆಯದು ಸಮಾಜ ವಿಜ್ಞಾನ. ಮಕ್ಕಳು ಸಾಗರದಾಚೆಯ ಖಂಡವೊಂದರ ನದಿಗಳ ಹೆಸರನ್ನು ಕಂಠಪಾಠ ಮಾಡುತ್ತಿದ್ದಾರೆ. ಊಟದ ಗಂಟೆಗೆ ಮುನ್ನ ಕನ್ನಡ. ‘ಪರಿಸರ ಮಾಲಿನ್ಯ’ ಎಂಬ ವಿಷಯದ ಮೇಲೆ ಪ್ರಬಂಧ. ಶಾಲೆಯ ಹಿತ್ತಿಲಿಗೆ ಹೊಂದಿಕೊಂಡು ಹರಿಯುವ ಹಳ್ಳ ಅಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಭೋರ್ಗರೆಯುತ್ತಿರುತ್ತದೆ. ಅದರ ಸದ್ದನ್ನು ಮೀರಲು ಶಿಕ್ಷಕರು ದನಿ ಏರಿಸಿ ಪಾಠ ಹೇಳುತ್ತಾರೆ. ಆ ಕೆಂಪು ಮಣ್ಣು ಯಾವ ಗುಡ್ಡದ್ದು, ಕಳೆದ ವರ್ಷ ಇದೇ ಹೊತ್ತಿಗೆ ನೀರು ಇಷ್ಟು ಕೆಂಪಾಗಿತ್ತೇ ಎಂದು ನಾಲ್ಕು ಅವಧಿಗಳಲ್ಲಿ ಒಂದರಲ್ಲೂ ಯಾರೂ ಕೇಳುವುದಿಲ್ಲ.

ಕಲಿಸುತ್ತಿರುವುದು ಸುಳ್ಳೆಂದಲ್ಲ. ಆಮ್ಲದ ಪಾಠವೂ ನಿಜ, ಅನುಪಾತವೂ ನಿಜ, ದೂರದ ನದಿಯೂ ನಿಜ. ಆದರೆ ಈ ಪಾಠಗಳು ಒಂದನ್ನೊಂದು ಭೇಟಿಯಾಗುವುದಿಲ್ಲ; ಅವುಗಳಲ್ಲಿ ಯಾವುದೂ ಶಾಲೆಯ ಹೊಸ್ತಿಲು ದಾಟುವುದಿಲ್ಲ. ಆರರಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳಲ್ಲಿ ಮಗು ಇವೆಲ್ಲದರ ಜೊತೆಗೆ ಯಾವ ಪುಸ್ತಕದಲ್ಲೂ ಅಚ್ಚಾಗದ ಇನ್ನೊಂದು ಪಾಠವನ್ನೂ ಕಲಿಯುತ್ತದೆ: ತಿಳಿಯಲು ಯೋಗ್ಯವಾದುದೆಲ್ಲ ಬೇರೆಲ್ಲೋ ಇದೆ, ಮನೆಯಲ್ಲಿ, ತೋಟದಲ್ಲಿ, ಬೆಟ್ಟದಲ್ಲಿ ನಡೆಯುವುದು ಬರಿಯ ದುಡಿಮೆ. ಪರೀಕ್ಷೆಯಿಲ್ಲದ ಈ ಪಾಠದಲ್ಲಿ ಎಲ್ಲ ಮಕ್ಕಳೂ ತೇರ್ಗಡೆಯಾಗುತ್ತಾರೆ.

ಕೊಳೆಮದ್ದನ್ನೇ ತೆಗೆದುಕೊಳ್ಳೋಣ. ಮುಂಗಾರಿಗೆ ಮುನ್ನ ಒಮ್ಮೆ, ಅದಾಗಿ ಸುಮಾರು 40–45 ದಿನಗಳಿಗೆ ಇನ್ನೊಮ್ಮೆ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮಲೆನಾಡಿನ ಮಕ್ಕಳು ಹುಟ್ಟಿದಂದಿನಿಂದ ಕಂಡ ಕೆಲಸ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಎರಡನ್ನೂ ಕೂಡಿಸಿದರೆ ಶೇಕಡಾ ಒಂದರ ದ್ರಾವಣ ಸಿದ್ಧ. ಅನುಪಾತ, ಶೇಕಡಾ ಎರಡೂ ಅಲ್ಲಿಯೇ ಇವೆ. ಬಳಿಕ ಮನೆಯ ಹಿರಿಯರು ಉಜ್ಜಿ ಹೊಳಪಾದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕಬ್ಬಿಣದ ಮೇಲೆ ಕೆಂಪು ಲೇಪ ಕಂಡರೆ ‘ಸುಣ್ಣ ಸಾಲದು’ ಎನ್ನುತ್ತಾರೆ. ದ್ರಾವಣದಲ್ಲಿ ಆಮ್ಲದ ಗುಣ ಉಳಿದಿದೆ, ಕರಗಿದ ತಾಮ್ರ ಇನ್ನೂ ಬಿಡಿಯಾಗಿದೆ, ಕಬ್ಬಿಣ ಅದರ ಸ್ಥಾನಕ್ಕೆ ಹೋಗಿ ತಾಮ್ರವನ್ನು ಹೊರಗೆ ತಳ್ಳಿದೆ. ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ ಸುಡುತ್ತದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಬ್ಲೇಡನ್ನು ಮುಳುಗಿಸುವ ಇದೇ ಪ್ರಯೋಗ ವಿಜ್ಞಾನ ಪುಸ್ತಕದಲ್ಲಿಯೂ ಚಿತ್ರ ಸಮೇತ ಬಂದಿದೆ. ಒಂದೇ ಮಗು ಮನೆಯಲ್ಲಿ ಅದನ್ನು ಕಣ್ಣಾರೆ ಕಾಣುತ್ತದೆ, ಶಾಲೆಯಲ್ಲಿ ಬಾಯಿಪಾಠ ಮಾಡುತ್ತದೆ. ಎರಡೂ ಒಂದೇ ಎಂದು ಅದಕ್ಕೆ ಹೇಳುವವರಿಲ್ಲ.

ಇದರಲ್ಲಿ ಚರಿತ್ರೆಯ ಪಾಠವೂ ಇದೆ. ಈ ಮದ್ದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದದ್ದು. ಅದನ್ನು ಅಡಿಕೆಗೆ ಒಗ್ಗಿಸಿದ ಕೀರ್ತಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರದು. ಕೊಳೆರೋಗವನ್ನು ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ ರೈತರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಆ ಕೊಟ್ಟೆ ಕಟ್ಟಲೂ, ಇಂದು ಮದ್ದು ಹೊಡೆಯಲೂ ಜಾರುವ ಮರವನ್ನೇರುವ ಕೊನೆಗೌಡರ ಕೂಲಿ, ಅವರ ಅಪಾಯ, ಅವರ ಮಕ್ಕಳ ಓದು, ಇವೆಲ್ಲ ಸಮಾಜ ವಿಜ್ಞಾನವಲ್ಲದೆ ಮತ್ತೇನು?

ಅಡಿಕೆ ಹಾಳಾದರೆ ಒಂದು ವರ್ಷದ ಬೆಳೆ ಹೋದೀತು. ಆದರೆ ಓದಿಗೂ ನೆಲಕ್ಕೂ ನಡುವಿನ ಈ ಬಿರುಕು ಜೀವವನ್ನೂ ಕೇಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ‘ಭೂಕುಸಿತಕ್ಕೆ ಕಾರಣಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿ ತನ್ನ ಮನೆಯ ಹಿಂದೆ ಜೆಸಿಬಿ ನೆಟ್ಟಗೆ ಕಡಿದ ಧರೆಯನ್ನು ದಿನವೂ ದಾಟಿ ಶಾಲೆಗೆ ಬರುತ್ತಾನೆ. ಧರೆಯ ನೆತ್ತಿಯಲ್ಲಿ ಹೊಸ ಬಿರುಕು ಮೂಡುವುದು, ಮರಗಳು ಒಂದೇ ಕಡೆಗೆ ವಾಲುವುದು, ಎಂದೂ ತಿಳಿಯಾಗಿರುತ್ತಿದ್ದ ಒರತೆ ಒಮ್ಮೆಲೇ ಕದಡುವುದು, ಒಣಗಿದ್ದ ಕಡೆ ನೀರು ಉಕ್ಕುವುದು — ಇವು ಎಚ್ಚರಿಕೆಯ ಗುರುತುಗಳೆಂದು ಅವನಿಗೆ ಯಾರೂ ತೋರಿಸಿಲ್ಲ. ಪಟ್ಟಿಯಲ್ಲಿ ಅವನು ಬರೆದದ್ದು ‘ಅರಣ್ಯನಾಶ, ಅತಿವೃಷ್ಟಿ’ ಎಂಬ ಎರಡು ಪದಗಳನ್ನು.

ಅತಿವೃಷ್ಟಿ ಎಂದರೆ ಎಷ್ಟು? ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಹೆಕ್ಟೇರಿನ ಗುಡ್ಡದ ಮೇಲೆ ಒಂದೇ ದಿನ 100 ಮಿ.ಮೀ. ಸುರಿದರೆ ಒಂದು ಕೋಟಿ ಲೀಟರ್. ಆರನೆಯ ತರಗತಿಯ ಗುಣಾಕಾರ ಸಾಕು ಈ ಲೆಕ್ಕಕ್ಕೆ. ಆ ಕೋಟಿ ಲೀಟರಿನಲ್ಲಿ ಎಷ್ಟು ಇಂಗಿತು, ಎಷ್ಟು ಹಳ್ಳಕ್ಕೆ ಬಂತು, ಬೆಟ್ಟದಲ್ಲಿ ಮರವಿದ್ದಾಗ ಎಷ್ಟು ಬರುತ್ತಿತ್ತು ಎಂಬ ಪ್ರಶ್ನೆಗಳಿಂದ ಭೂಗೋಳ, ವಿಜ್ಞಾನ, ಗಣಿತ ಮೂರೂ ತಾವಾಗಿ ಒಂದೆಡೆ ಸೇರುತ್ತವೆ. ಆದರೆ ಗಣಿತದ ಪುಸ್ತಕದ ತೊಟ್ಟಿಗೆ ನೀರು ಬರುವುದು ಎಲ್ಲಿಯದೋ ಎರಡು ಕೊಳವೆಗಳಿಂದ! ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯಂತಹ ಸೀಮೆಯ ಮಕ್ಕಳಿಗೂ ಅದೇ ತೊಟ್ಟಿ, ಅದೇ ಕೊಳವೆ.

ಮಂಗನ ಕಾಯಿಲೆಯ ಕಥೆ ಇನ್ನೂ ಕಹಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು ಆ ಊರಿನ ಹೆಸರಿನಿಂದಲೇ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ ರೋಗವಿದು. ಎಂಟನೆಯ ತರಗತಿಯಲ್ಲಿ ಬಹುಕಾಲ ಪಾಠವಾಗಿದ್ದ ವಿಜ್ಞಾನ ಪುಸ್ತಕದ ರೋಗಗಳ ಕೋಷ್ಟಕದಲ್ಲಿ ಕ್ಷಯ, ದಡಾರ, ಕಾಲರಾ, ಮಲೇರಿಯಾಗಳೆಲ್ಲ ಇದ್ದವು. ಮಂಗನ ಕಾಯಿಲೆ ಇರಲಿಲ್ಲ. ದೇಶಕ್ಕೆಲ್ಲ ಒಂದೇ ಪುಸ್ತಕವಾದಾಗ ಹೀಗಾಗುವುದು ಸಹಜವೆಂದು ಸುಮ್ಮನಿರಬಹುದು. ಆದರೆ ಚಳಿಗಾಲ ಕಳೆದು ಬೇಸಿಗೆ ಬರುವಾಗ ದರಕು ಗುಡಿಸಲು ಕಾಡಿಗೆ ಹೋಗುವವರು ಆ ಮಕ್ಕಳ ತಾಯಂದಿರು. ರಜೆಯಲ್ಲಿ ಆ ಮಕ್ಕಳೇ. ರೋಗವನ್ನು ಹರಡುವ ಉಣುಗು ಕೀಟವಲ್ಲ, ಎಂಟು ಕಾಲಿನ ಜೇಡನ ಬಳಗಕ್ಕೆ ಸೇರಿದ್ದು. ಸತ್ತ ಮಂಗನನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸಬೇಕು. ಇಷ್ಟನ್ನು ಹೇಳಲು ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷ ವೇಳಾಪಟ್ಟಿಯಲ್ಲಿ ಇಲ್ಲ.

‘ಪರಿಸರವನ್ನು ಕಲಿಸುತ್ತಿದ್ದೇವಲ್ಲ’ ಎಂದು ಇಲಾಖೆ ಹೇಳಬಹುದು. ಹೌದು, ಪರಿಸರ ಶಿಕ್ಷಣ ಎಲ್ಲ ಹಂತಗಳಲ್ಲೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನಿರ್ದೇಶಿಸಿತು, 2003ರಲ್ಲಿ ಮತ್ತೆ ನೆನಪಿಸಿತು. ಫಲವೇನು? ಜೂನ್ 5ರಂದು ಭಾಷಣ, ಒಂದು ಸಸಿ, ಒಂದು ಫೋಟೋ. (ಒಂದು ಕಾಲಕ್ಕೆ ಮಕ್ಕಳ ಕೈಗೆ ಅಕೇಶಿಯಾ ಸಸಿಯನ್ನೇ ಕೊಟ್ಟು ನೆಡಿಸಿದ್ದುಂಟು, ಬೆಟ್ಟಕ್ಕೆ ಏಕಜಾತಿಯ ನೆಡುತೋಪು ಏನು ಮಾಡಿತೆಂಬುದನ್ನು ಆ ಮಕ್ಕಳು ದೊಡ್ಡವರಾದ ಮೇಲೆ ತಾವೇ ಕಂಡರು.) ವರ್ಷದ ಕೊನೆಯಲ್ಲಿ ‘ಪ್ರಾಜೆಕ್ಟ್’ ಎಂಬುದೊಂದಿದೆ. ಪೇಟೆಯ ಅಂಗಡಿಯಿಂದ ತಂದ ಬಣ್ಣದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಹಾಳೆಗಳು. ಮನೆಯ ಹಿಂದಿನ ಮರದಲ್ಲಿ ಮಂಗಟ್ಟೆ ಹಕ್ಕಿ ಕೂಗುತ್ತಿರುವಾಗ ಮಗು ಹಿಮಕರಡಿಯ ಚಿತ್ರಕ್ಕೆ ಅಂಟು ಸವರುತ್ತಿರುತ್ತದೆ.

ಇದಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದು ಅನ್ಯಾಯ. ಇಬ್ಬರು ಶಿಕ್ಷಕರು ಏಳು ತರಗತಿಗಳನ್ನು ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಗಣತಿಗೂ ಹೋಗಬೇಕಾದ ಶಾಲೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಪಾಲಕರ ಆಕ್ಷೇಪವನ್ನೂ ಹಗುರಾಗಿ ಕಾಣಲಾಗದು. ‘ಸೊಪ್ಪು ಸೌದೆಯ ಪಾಠಕ್ಕೆ ಶಾಲೆ ಏಕೆ? ನಮ್ಮ ಮಕ್ಕಳು ಇಂಗ್ಲಿಷ್ ಕಲಿತು ಹೊರಗೆ ಹೋಗಲಿ’ ಎನ್ನುವ ತಾಯಿಯ ಮಾತಿನಲ್ಲಿ ತಲೆಮಾರುಗಳ ದಣಿವಿದೆ. ಊರಿನ ಅರಿವನ್ನು ಶಾಲೆಗೆ ತರುವುದೆಂದರೆ ಕೊನೆಗೌಡನ ಮಗನನ್ನು ಮರಕ್ಕೇ ಕಟ್ಟಿಹಾಕುವುದೆಂದಾದರೆ ಅಂತಹ ಶಿಕ್ಷಣ ಬೇಡವೇ ಬೇಡ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ಮೇಲೂ ಇದೇ ಶಂಕೆ ಬಂದಿತ್ತು. ಆದರೆ ಇಲ್ಲಿ ಕೇಳುತ್ತಿರುವುದು ಕುಲಕಸುಬನ್ನಲ್ಲ. ತೋಟದ ಒಡೆಯನ ಮಗಳೂ ಕೊನೆಗೌಡನ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಅದೇ ಕತ್ತಿಯ ತುದಿಯನ್ನು ನೋಡಿ ‘ಏಕೆ ಕೆಂಪಾಯಿತು’ ಎಂದು ಕೇಳುವಂತಾಗಬೇಕು. ಹಾಗೆ ಕೇಳಲು ಕಲಿತ ಮಗು ಬೆಂಗಳೂರಿಗೆ ಹೋದರೂ ಕೆಟ್ಟೀತೇನು?

ಇದು ಹೊಸ ಮಾತೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಗೋಡೆಗಳಿಂದ ಹೊರತಂದು ದಶಕಗಳೇ ಕಳೆದವು. 1993ರ ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯನ್ನು ಕೇಳಿತು. ಶಾಲೆಯ ಹೊರಗಿನ ಬದುಕಿಗೆ ಅರಿವನ್ನು ಜೋಡಿಸಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮೊದಲ ತತ್ತ್ವವಾಗಿ ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. 2023ರಲ್ಲಿ ರಾಜ್ಯ ಸರ್ಕಾರ ಆ ನೀತಿಯನ್ನೇ ಕೈಬಿಡುವುದಾಗಿ ಸಾರಿತು. ಹತ್ತು ದಿನ! ಎರಡು ಬಾರಿ ಕೊಳೆಮದ್ದು ಹೊಡೆಯುವ ನಡುವಿನ ಅವಧಿಯೂ ಅದಕ್ಕಿಂತ ದೀರ್ಘ. ವರದಿಗಳು ಏನೇ ಹೇಳಲಿ, ಪ್ರಶ್ನೆಪತ್ರಿಕೆ ಬದಲಾಗದೆ ಪಾಠ ಬದಲಾಗದು. ಪ್ರಶ್ನೆಪತ್ರಿಕೆ ಕೇಳದ ಹಳ್ಳವನ್ನು ನೋಡಲು ಯಾವ ಶಿಕ್ಷಕರಿಗೂ ಪುರುಸೊತ್ತಿಲ್ಲ.

ಆದ್ದರಿಂದ ಇಲಾಖೆಯ ಸುತ್ತೋಲೆಗೆ ಕಾಯದೆ ಊರವರೇ ಮಾಡಬಹುದಾದುದನ್ನು ಮಾಡಬೇಕು. ಪ್ರತಿ ಶಾಲೆಗೂ ಎಸ್‌ಡಿಎಂಸಿ ಇದೆ. ನೇರ ಗೋಡೆಯ ಒಂದು ಡಬ್ಬ, ಒಂದು ಅಡಿಪಟ್ಟಿ ಇದ್ದರೆ ಮಳೆಮಾಪಕ ಆಯಿತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದನ್ನು ಕಪಾಟಿನಿಂದ ಹೊರತೆಗೆದು ಏಳನೆಯ ತರಗತಿಯ ಮೇಜಿನ ಮೇಲೆ ಇಟ್ಟರೆ ಎಷ್ಟು ತಪ್ಪುಗಳಿವೆಯೆಂದು ಮಕ್ಕಳೇ ಹೇಳಿಯಾರು. ಮುಂದಿನ ಜೂನ್ ಮೊದಲ ವಾರದ ಸಭೆಯಲ್ಲಿ ಪಾಲಕರು ಎದ್ದು ನಿಂತು ಇಷ್ಟನ್ನು ಕೇಳಲಿ: ಶಾಲೆಯ ಹಿಂದಿನ ಹಳ್ಳದ ಹೆಸರೇನು? ಅದು ಎಲ್ಲಿ ಹುಟ್ಟಿ ಯಾವ ನದಿಯನ್ನು ಸೇರುತ್ತದೆ? ನಿನ್ನೆ ಎಷ್ಟು ಮಿ.ಮೀ. ಮಳೆಯಾಯಿತು? ಯಾರ ಮನೆಯ ಧರೆ ಬಿರುಕು ಬಿಟ್ಟಿದೆ? ಉತ್ತರಗಳನ್ನು ಮಕ್ಕಳು ಹುಡುಕಿ ತಂದು, ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯ ಮೇಲೆ, ದಿನಾಂಕ ಸಮೇತ ಬರೆದಿಡಲಿ.