ಮುಪ್ಪಿನ ನಡಿಗೆಗೆ ಮನೆಯ ಆಸರೆ

ನಂಜನಗೂಡಿನಲ್ಲಿ ಕಪಿಲೆಯ ಸೋಪಾನಗಳನ್ನಾಗಲಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ-ಕಪಿಲೆಗಳ ಸಂಗಮದ ಸ್ನಾನಘಟ್ಟವನ್ನಾಗಲಿ ಬೆಳಗಿನ ಹೊತ್ತು ನೋಡಿದವರಿಗೆ ಒಂದು ಸಂಗತಿ ಗೋಚರವಾಗದಿರದು. ವಯಸ್ಸಾದವರು ಒಂದೇ ಮೆಟ್ಟಿಲಿನ ಮೇಲೆ ಎರಡು ಪಾದಗಳನ್ನೂ ಊರಿ, ಅನಂತರವೇ ಮುಂದಿನದಕ್ಕೆ ಇಳಿಯುತ್ತಾರೆ. ಒಂದು ಕೈ ಊರುಗೋಲಿನ ಮೇಲೋ ಮೊಮ್ಮಗನ ಭುಜದ ಮೇಲೋ ಇರುತ್ತದೆ. ಇದನ್ನು ಅಂಜಿಕೆಯೆಂದು ಎಳೆಯರು ನಗುವುದುಂಟು. ಆದರೆ ಇದು ಅನುಭವದಿಂದ ಸಿದ್ಧಿಸಿದ ಭೌತವಿಜ್ಞಾನ. ಹಿರಿಯರು ಬಲ್ಲ ಈ ವಿಜ್ಞಾನವನ್ನು ಅವರನ್ನು ನೋಡಿಕೊಳ್ಳುವ ನಾವು ಕಲಿಯಬೇಕೆಂಬುದೇ ಈ ಲೇಖನದ ಉದ್ದೇಶ.

ವೃದ್ಧರ ಆರೈಕೆಯೆಂದೊಡನೆ ನಮ್ಮ ಮನಸ್ಸು ಔಷಧಿಯ ಕಡೆಗೆ ಹರಿಯುತ್ತದೆ. ರಕ್ತದ ಒತ್ತಡವನ್ನು ಅಳೆಯಿಸುತ್ತೇವೆ, ಸಕ್ಕರೆಯನ್ನು ಪರೀಕ್ಷಿಸುತ್ತೇವೆ, ಮಾತ್ರೆಗಳನ್ನು ಹೊತ್ತುಹೊತ್ತಿಗೆ ಕೊಡುತ್ತೇವೆ. ಇವೆಲ್ಲವೂ ಅವಶ್ಯವೇ. ಆದರೆ ಬಚ್ಚಲಿನ ನೆಲವನ್ನು ಪರೀಕ್ಷಿಸುವವರು ಎಷ್ಟು ಮಂದಿ? ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ೬,೮೪,೦೦೦ ಜನರು ಬಿದ್ದು ಮರಣ ಹೊಂದುತ್ತಾರೆ. ಅವರಲ್ಲಿ ಅರವತ್ತು ದಾಟಿದವರೇ ಅಧಿಕ. ೨೦೧೧ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅಂತಹ ಹಿರಿಯರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಆದಕಾರಣ ಬೀಳುವುದನ್ನು ಕೇವಲ ದುರದೃಷ್ಟವೆಂದು ಬಿಟ್ಟುಬಿಡುವಂತಿಲ್ಲ.

ನಿಂತ ಮನುಷ್ಯನ ಗುರುತ್ವಕೇಂದ್ರವು ಹೊಕ್ಕುಳಿನ ಸಮೀಪದಲ್ಲಿರುತ್ತದೆ. ಅಲ್ಲಿಂದ ಇಳಿಬಿಟ್ಟ ಲಂಬರೇಖೆ ಎರಡು ಪಾದಗಳು ಆವರಿಸಿದ ಕ್ಷೇತ್ರದೊಳಗೆ ಬೀಳುವವರೆಗೆ ಅವನು ನಿಲ್ಲಬಲ್ಲನು. ನಡೆಯುವಾಗ ಈ ರೇಖೆ ಪದೇ ಪದೇ ಹೊರಗೆ ಹೋಗುತ್ತದೆ. ಮುಂದಿನ ಹೆಜ್ಜೆ ಸಕಾಲದಲ್ಲಿ ಬಂದು ಅದನ್ನು ಹಿಡಿಯುತ್ತದೆ. ಮುಪ್ಪಿನಲ್ಲಿ ಸ್ನಾಯುಗಳ ಬಲ ಕುಗ್ಗಿ, ನರಗಳ ವೇಗ ತಗ್ಗಿದಾಗ ಆ ಹೆಜ್ಜೆ ಕ್ಷಣಮಾತ್ರ ತಡವಾಗುತ್ತದೆ. ಅಷ್ಟೇ ಸಾಕು. ಊರುಗೋಲು ಆಧಾರದ ಕ್ಷೇತ್ರವನ್ನು ವಿಸ್ತರಿಸುತ್ತದೆಯಾದ್ದರಿಂದಲೇ ಅದು ಉಪಕಾರಿ. ಐವತ್ತು ಕಿಲೋಗ್ರಾಂ ತೂಕದ ಅಜ್ಜಿಯೊಬ್ಬರ ಗುರುತ್ವಕೇಂದ್ರ ೮೦ ಸೆಂಟಿಮೀಟರು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ೪೦೦ ಜೂಲ್. ಐದು ಕಿಲೋಗ್ರಾಮಿನ ಕಲ್ಲು ಎಂಟು ಮೀಟರು ಎತ್ತರದಿಂದ ಬಿದ್ದರೆ ಎಷ್ಟೋ ಅಷ್ಟು. ಎಳೆಯರು ಕೈಗಳನ್ನು ಮುಂದೆ ಚಾಚಿ ಈ ಪೆಟ್ಟನ್ನು ಹಂಚಿಕೊಳ್ಳುತ್ತಾರೆ. ಹಿರಿಯರ ಕೈ ಮುಂದೆ ಬರುವಷ್ಟರಲ್ಲಿ ಸೊಂಟವು ನೆಲವನ್ನು ಸೇರಿರುತ್ತದೆ. ಟೊಳ್ಳಾದ ತೊಡೆಯ ಮೂಳೆಗೆ ಆ ಶಕ್ತಿಯ ಅಲ್ಪಾಂಶವೇ ಸಾಕು.

ಇನ್ನು ನಮ್ಮ ಮನೆಗಳನ್ನು ನೋಡೋಣ. ನುಣುಪಾದ ಹೊಸ ಟೈಲುಗಳ ಮೇಲೆ ನೀರಿನ ಪದರವೊಂದು ನಿಂತರೆ ಪಾದಕ್ಕೂ ನೆಲಕ್ಕೂ ನಡುವಣ ಘರ್ಷಣೆ ಕುಸಿಯುತ್ತದೆ. ಸಾಬೂನು ಸೇರಿದರೆ ಹೇಳುವುದೇ ಬೇಡ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಕಣ್ಣಿಗೆ ತಲಪುವ ಬೆಳಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ ತಲಪುತ್ತದೆ. ನಮಗೆ ಸಾಕಾದ ದೀಪ ಅವರಿಗೆ ಕತ್ತಲೆಯೇ ಸರಿ. ಮಲಗಿದವರು ಥಟ್ಟನೆ ಎದ್ದು ನಿಂತರೆ ಅರ್ಧ ಲೀಟರಿಗೂ ಮಿಕ್ಕ ರಕ್ತ ದೇಹದ ಕೆಳಭಾಗಕ್ಕೆ ಇಳಿಯುತ್ತದೆ. ಎಳೆಯ ದೇಹ ಅದನ್ನು ಕೂಡಲೆ ಸರಿಪಡಿಸಿಕೊಳ್ಳುತ್ತದೆ. ಮುದಿ ದೇಹಕ್ಕೆ ತಲೆ ಸುತ್ತುತ್ತದೆ.

ಇದಕ್ಕೆಲ್ಲ ಪರಿಹಾರ ದುಬಾರಿಯದಲ್ಲ. ಬಚ್ಚಲಿಗೆ ಒರಟಾದ ನೆಲಹಾಸು, ಗೋಡೆಗೆ ಭದ್ರವಾಗಿ ಬಿಗಿದ ಹಿಡಿಕಂಬಿ, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯ ದೀಪ, ಏಳುವ ಮುನ್ನ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತಿರುವ ಅಭ್ಯಾಸ, ಇಷ್ಟು ಸಾಕು. ಹೊಸ್ತಿಲಿಗೆ ಅರಿಸಿನ ಬಳಿಯುವ ಪದ್ಧತಿಯ ಉದ್ದೇಶ ಮಂಗಳಕರವಾದದ್ದು. ಆದರೂ ಆ ಹಳದಿಯ ಬಣ್ಣ ಮಂದಗಣ್ಣಿಗೆ ಎಡವುವ ಎಡೆಯನ್ನು ತೋರಿಸಿಕೊಡುತ್ತದೆ. ಮನೆಯೊಳಗಿನ ಪ್ರತಿಯೊಂದು ಮೆಟ್ಟಿಲಿನ ಅಂಚಿಗೂ ಹಾಗೆ ಬಣ್ಣ ಬಳಿಯಲು ಅಡ್ಡಿಯೇನು?

ಇಷ್ಟು ಮಾಡದೆ ನಾವು ಮಾಡುವುದು ಬೇರೆ. "ಬಿದ್ದುಬಿಟ್ಟೀರಿ, ಸುಮ್ಮನೆ ಕುಳಿತಿರಿ" ಎಂದು ಹಿರಿಯರನ್ನು ಕುರ್ಚಿಗೆ ಒಪ್ಪಿಸುತ್ತೇವೆ. ಬೆಳಗ್ಗೆ ಕಾರ್ಖಾನೆಯ ಪಾಳಿಗೋ ಮೈಸೂರಿನ ಕಛೇರಿಗೋ ಹೊರಡುವ ಮಗನ ಭಯ ಸುಳ್ಳೆಂದು ನಾವು ಹೇಳೆವು. ಆದರೆ ಬಳಸದ ಸ್ನಾಯು ಕ್ಷೀಣಿಸುತ್ತದೆ. ಕುಳಿತವರ ಕಾಲು ಮತ್ತಷ್ಟು ಸೋಲುತ್ತದೆ. ಸೋತ ಕಾಲು ಮತ್ತೆ ಬೀಳಿಸುತ್ತದೆ. ೨೦೧೯ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ, ನೂರೆಂಟು ಪ್ರಯೋಗಗಳ ಸಮೀಕ್ಷೆಯೊಂದರ ಪ್ರಕಾರ ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣ ಶೇಕಡಾ ೨೩ರಷ್ಟು ಕಡಮೆಯಾಗುತ್ತದೆ. ಆದುದರಿಂದ ದೇವಸ್ಥಾನಕ್ಕೆ ಹೋಗುವ ನಡಿಗೆಯನ್ನು ತಡೆಯಬಾರದು. ಆ ನಡಿಗೆಯ ದಾರಿಯನ್ನು ಸರಿಪಡಿಸಬೇಕು. ಚಲನೆಯನ್ನು ಕಸಿದುಕೊಂಡು ಕೊಡುವ ರಕ್ಷಣೆ ಸೆರೆಮನೆಯ ರಕ್ಷಣೆಯಾದೀತು.

ಆರೈಕೆ ಮಾಡುವವರ ದೇಹವೂ ಇದೇ ನಿಯಮಗಳಿಗೆ ಅಧೀನ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯಿಂದ ಸುಮಾರು ೫ ಸೆಂಟಿಮೀಟರು ದೂರದಲ್ಲಿ ಎಳೆಯುತ್ತವೆ. ತೋಳು ಚಾಚಿ ೫೦ ಸೆಂಟಿಮೀಟರು ಮುಂದೆ ೨೦ ಕಿಲೋಗ್ರಾಂ ಭಾರವನ್ನೆತ್ತಿದರೆ ಸನ್ನೆಯ ತತ್ತ್ವದಂತೆ ಅವು ೨೦೦ ಕಿಲೋಗ್ರಾಮಿನಷ್ಟು ಎಳೆಯಬೇಕು. ಮೊಣಕಾಲನ್ನು ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ತಂದುಕೊಂಡೇ ಎತ್ತಬೇಕು. ಬಿದ್ದವರನ್ನು ಗಾಬರಿಯಿಂದ ಎಳೆದೆಬ್ಬಿಸಬಾರದು. ಸೊಂಟದಲ್ಲಿ ನೋವಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಅಲುಗಿಸದೆ ೧೦೮ಕ್ಕೆ ಕರೆ ಮಾಡುವುದೇ ಯುಕ್ತ. ಈ ಭಾರ ಬಹುತೇಕ ಮನೆಗಳಲ್ಲಿ ಸೊಸೆಯ ಅಥವಾ ತಾನೇ ಮುದುಕಿಯಾದ ಹೆಂಡತಿಯ ಬೆನ್ನಿನ ಮೇಲೆಯೇ ಬೀಳುತ್ತದೆ. ಗಂಡಸರು ಔಷಧಿ ತಂದುಕೊಟ್ಟು ಕರ್ತವ್ಯ ಮುಗಿಯಿತೆಂದು ತಿಳಿಯುವುದು ನ್ಯಾಯವಲ್ಲ.

೨೦೦೭ರ ಕಾನೂನು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿದೆ. ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರಗಳನ್ನು ಅದು ಕೊಡಿಸಬಲ್ಲದು. ಮೆಟ್ಟಿಲಿನ ಬಳಿ ಚಾಚಿದ ಕೈಯನ್ನು ಕೊಡಿಸಲಾರದು. ಸಾರ್ವಜನಿಕ ಸ್ಥಳಗಳಲ್ಲಿಯೂ ಇದೇ ಮಾತು. ತಿರುಮಕೂಡಲಿನಲ್ಲಿ ೧೯೮೯ರಿಂದ ಕುಂಭಮೇಳ ನಡೆದುಬಂದಿದೆ. ೨೦೨೫ರ ಫೆಬ್ರವರಿಯಲ್ಲಿಯೂ ನಡೆಯಿತು. ಮೇಳದ ಮೂರು ದಿನಗಳಿಗೆ ಮಾಡುವ ಏರ್ಪಾಡು ದಿನನಿತ್ಯದ ಮುದುಕರಿಗೂ ಬೇಕು. ಹಿಡಿಕಂಬಿಯಿಲ್ಲದ ಕಡೆ ಕಂಬಿ, ಪಾಚಿ ಕಟ್ಟಿದ ಕಡೆ ಉಜ್ಜುವಿಕೆ, ಕತ್ತಲೆಯಿರುವ ಕಡೆ ದೀಪ. ನಂಜನಗೂಡಿನ ನಗರಸಭೆಗಾಗಲಿ, ನರಸೀಪುರದ ಪುರಸಭೆಗಾಗಲಿ ಇದು ಅಸಾಧ್ಯವಾದ ಕಾರ್ಯವಲ್ಲ.

ಗುರುತ್ವಾಕರ್ಷಣೆಯು ವಯಸ್ಸನ್ನು ನೋಡಿ ದಯೆ ತೋರುವುದಿಲ್ಲ. ಆ ದಯೆಯನ್ನು ನೆಲದಲ್ಲಿ, ಗೋಡೆಯಲ್ಲಿ, ದೀಪದಲ್ಲಿ ನಾವೇ ಅಳವಡಿಸಬೇಕು. ವಾಚಕರು ಇಂದು ರಾತ್ರಿಯೇ ತಮ್ಮ ಮನೆಯ ಹಿರಿಯರ ಮಂಚದಿಂದ ಬಚ್ಚಲಿನವರೆಗೆ ಒಮ್ಮೆ ನಿಧಾನವಾಗಿ ನಡೆದುನೋಡಲಿ. ಏನು ಮಾಡಬೇಕೆಂಬುದನ್ನು ಆ ಹತ್ತು ಹೆಜ್ಜೆಗಳೇ ಹೇಳುವುವು.