ಗಣೇಶಗುಡಿ ಬಸ್ಸಿಗೂ ಒಂದು ಚಿತ್ರ ಬೇಡವೇ?

ಗಣೇಶಗುಡಿ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ರೆಸಾರ್ಟು ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಕಾಳಿ ನದಿಯ ರಾಫ್ಟು. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಹುಟ್ಟು, ಬಾಯ್ತುಂಬ ನಗು. ಚೆಂದವೇ ಹೌದು. ಆದರೆ ಊರಿನ ಜನ ರಾಫ್ಟು ಹತ್ತಿ ಸಂತೆಗೆ ಹೋಗ್ತಾರೆಯೇ? ಅಂಗಡಿಕಾರರ ಮೂಟೆ, ಮಕ್ಕಳ ಪಾಟಿಚೀಲ, ದಾಂಡೇಲಿ ಆಸ್ಪತ್ರೆಗೆ ಹೊರಟ ಮುದುಕರು, ಎಲ್ಲವನ್ನೂ ಹೊರುವುದು ಸರಕಾರಿ ಬಸ್ಸು. ಅದರ ಚಿತ್ರ ಬರೆಯುವ ಮನಸ್ಸು ಮಾತ್ರ ಯಾರಿಗೂ ಬರದು.

ಕಲಾವಿದ ಮನಸ್ಸು ಮಾಡಿದರೆ ದಿನಬಳಕೆಯ ಗಾಡಿಗೂ ಮಾನ ಬರುತ್ತದೆ. ಸಾಕ್ಷಿ ಬೇಕೆ? ಇದೇ ಜಿಲ್ಲೆಯ ಹೊನ್ನಾವರದ ಕಡೆಯ ಶಂಕರನಾಗ್ 1980ರ ‘ಆಟೋ ರಾಜ’ ಚಿತ್ರದಲ್ಲಿ ಆಟೋ ಚಾಲಕನಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂದಿಗೂ ರಾಜ್ಯದ ಎಷ್ಟೋ ಆಟೋಗಳ ಬೆನ್ನ ಮೇಲೆ ಅವರದೇ ಮುಖ. ಚಾಲಕನನ್ನು ನಾಯಕ ಮಾಡಿದ್ದಕ್ಕೆ ಚಾಲಕರು ತೀರಿಸುತ್ತಿರುವ ಋಣವದು.

ಗಣೇಶಗುಡಿಯಲ್ಲಿ ಬರೆಯಲು ವಿಷಯಕ್ಕೇನು ಬರ? ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿತು. ಅದರೊಂದಿಗೆ ಗಾಡಿ, ಬಸ್ಸು ಓಡಿದ ದಾರಿಗಳೂ ಮುಳುಗಿದವು. ಆ ದಾರಿ ತುಳಿದ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಆಮೇಲೆ ಕೇಳುವುದು ಯಾರನ್ನು?

ಪಂಚಾಯ್ತಿ ಒಂದು ಗೋಡೆ ಕೊಡಲಿ. ವರ್ತಕರು ಬಣ್ಣದ ಖರ್ಚು ಹಾಕಲಿ. ಜೋಯಿಡಾ, ದಾಂಡೇಲಿಯ ಬೋರ್ಡು ಬರೆಯುವ ಹುಡುಗರು ಕುಂಚ ಹಿಡಿಯಲಿ. ರಾಫ್ಟೂ ಇರಲಿ, ಪಕ್ಕದಲ್ಲೇ ಬಸ್ಸೂ ಇರಲಿ. ಪ್ರವಾಸಿ ಎರಡು ದಿನ ಇದ್ದು ಹೋಗುತ್ತಾನೆ, ವರ್ಷವಿಡೀ ಬಸ್ಸು ಕಾಯುವವರು ಊರಿನವರು. ಸಂಬಂಧಪಟ್ಟವರು ಮನಸ್ಸು ಮಾಡುವರೇ?